ದಿನಕ್ಕೆ ನಲವತ್ತು ನಿಮಿಷ, ಅರವತ್ತನಾಲ್ಕು ಮನೆ

ಶಾಲೆಯಲ್ಲಿ ಚೆಸ್ ಆಡಿ ಎಲ್ಲರನ್ನೂ ಸೋಲಿಸುವ ಹುಡುಗಿಯೊಬ್ಬಳು ಪ್ರತಿ ಊರಿನಲ್ಲೂ ಇರುತ್ತಾಳೆ. ಕಡೂರಿನಲ್ಲಿ ಇದ್ದಾಳೆ, ತರೀಕೆರೆಯಲ್ಲಿ ಇದ್ದಾಳೆ, ಅಜ್ಜಂಪುರದಲ್ಲೂ ಇದ್ದಾಳೆ. ತಾಲ್ಲೂಕು ಮಟ್ಟದವರೆಗೆ ಗೆದ್ದುಕೊಂಡೇ ಹೋಗುತ್ತಾಳೆ. ಅದನ್ನು ದಾಟಿದ ಮೇಲೆ ಒಂದು ದಿನ, ಎದುರಿಗೆ ಕೂತ ತನ್ನದೇ ವಯಸ್ಸಿನ ಮಗು ಇಪ್ಪತ್ತೈದು ನಡೆಯೊಳಗೆ ಆಟ ಮುಗಿಸಿಬಿಡುತ್ತದೆ. ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಬೆನ್ನು ತಟ್ಟಿ, ‘ಹೋಗ್ಲಿ ಬಿಡು ಪುಟ್ಟಿ, ಅವರಿಗೆಲ್ಲ ಕೋಚ್ ಇರ್ತಾರೆ’ ಅನ್ನುತ್ತಾರೆ. ಸಮಾಧಾನಕ್ಕೆ ಆಡಿದ ಮಾತು. ಆದರೆ ಮಗು ಅದನ್ನು ಬೇರೆ ಥರ ಕೇಳಿಸಿಕೊಳ್ಳುತ್ತದೆ: ನಮ್ಮಂಥ ಊರಿನವರಿಗೆ ಇದು ಆಗಿಬರುವ ವಿದ್ಯೆಯಲ್ಲ ಅಂತ.

ಅವತ್ತು ರಾತ್ರಿಯಿಂದ ಅಪ್ಪನ ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳು ಶುರುವಾಗುತ್ತವೆ. ಒಂದಾದ ಮೇಲೆ ಒಂದು, ಊಟಕ್ಕೆ ಕರೆದರೂ ಇನ್ನೊಂದು. ‘ಇನ್ನೂ ಹೆಚ್ಚು ಆಡಿದರೆ ಇನ್ನೂ ಚೆನ್ನಾಗಿ ಆಡಬಹುದು’ ಎಂಬ ನಂಬಿಕೆ ಅದರ ಹಿಂದಿದೆ. ಆರು ತಿಂಗಳಾದರೂ ಆಟ ಇದ್ದಲ್ಲೇ ಇರುತ್ತದೆ. ಮನೆಯವರಿಗೆ ಮೊಬೈಲಿನ ಮೇಲೆ ಸಿಟ್ಟು, ಮಗುವಿಗೆ ತನ್ನ ತಲೆಯ ಮೇಲೇ ಅನುಮಾನ.

ಎರಡೂ ಬೇಡ. ತಲೆ ಸರಿಯಾಗಿದೆ, ಊರೂ ಸರಿಯಾಗಿದೆ. ಕೆಟ್ಟಿರುವುದು ಅಭ್ಯಾಸದ ಕ್ರಮ ಮಾತ್ರ. ಆ ಕ್ರಮವನ್ನು ತಿದ್ದಿಕೊಳ್ಳಲು ಬೆಂಗಳೂರಿಗೆ ಮನೆ ಬದಲಿಸಬೇಕಾಗಿಲ್ಲ.

ಒಂದು ಲೆಕ್ಕ ನೋಡೋಣ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ನೀಲ್ ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೂರ್ನಿ ಆಡುವ ನೂರಾರು ಜನರನ್ನು ಅವರು ವಿಚಾರಿಸಿದ್ದರು: ಎಷ್ಟು ಆಡಿದಿರಿ, ಎಷ್ಟು ಹೇಳಿಸಿಕೊಂಡಿರಿ, ಎಷ್ಟು ಹೊತ್ತು ಒಬ್ಬರೇ ಕೂತು ಓದಿದಿರಿ? ಆಟಗಾರನ ಮಟ್ಟದ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ಹೊಂದಿಕೊಂಡದ್ದು ಕೊನೆಯದು. ಒಬ್ಬರೇ ಬೋರ್ಡಿನ ಮುಂದೆ ಕೂತು ಮಾಡಿದ ಗಂಭೀರ ಅಭ್ಯಾಸ. ಗ್ರ್ಯಾಂಡ್‌ಮಾಸ್ಟರ್ ಆದವರು ತಮ್ಮ ಮೊದಲ ಹತ್ತು ವರ್ಷಗಳಲ್ಲಿ ಇದಕ್ಕೆ ಸುಮಾರು 5000 ಗಂಟೆ ಕೊಟ್ಟಿದ್ದರು. ಮಧ್ಯಮ ದರ್ಜೆಯ ಆಟಗಾರರು ಕೊಟ್ಟದ್ದು ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲು.

ಐದು ಸಾವಿರ ಗಂಟೆ ಎಂದಾಗ ಎದೆ ಧಸಕ್ಕೆನ್ನುತ್ತದೆ. ಹತ್ತು ವರ್ಷಕ್ಕೆ ಹಂಚಿ ನೋಡಿ: ದಿನಕ್ಕೆ ಎಂಬತ್ತೆರಡು ನಿಮಿಷ. ಮಧ್ಯಮ ದರ್ಜೆಯವರದ್ದು ಹದಿನಾರು, ಹದಿನೇಳು ನಿಮಿಷ. ಇವೆರಡರ ನಡುವೆ ನಲವತ್ತು ನಿಮಿಷ ಎಂದು ಇಟ್ಟುಕೊಳ್ಳಿ. ಹಬ್ಬ, ಪರೀಕ್ಷೆ, ಜ್ವರ, ನೆಂಟರು ಎಲ್ಲ ಸೇರಿ ವರ್ಷಕ್ಕೆ ಅರವತ್ತೈದು ದಿನ ತಪ್ಪಿಹೋದರೂ ಇನ್ನೂರು ಗಂಟೆ ಕೈಗೆ ಸಿಗುತ್ತದೆ. ಅಡಿಕೆ ತೋಟದ ಮನೆಯ ಹುಡುಗನಿಗೂ, ಸಂಜೆ ಅಂಗಡಿ ಬಾಗಿಲು ಹಾಕಿ ಬರುವ ನಲವತ್ತರ ಗಂಡಸಿಗೂ, ಅಡುಗೆ ಮುಗಿಸಿ ಕೂರುವ ಹೆಂಗಸಿಗೂ ಇದು ಕೈಗೆಟುಕುವ ಮಾತು.

ಆದರೆ ಗಂಟೆಯ ಲೆಕ್ಕವೇ ಎಲ್ಲವೂ ಅಲ್ಲ, ಇದನ್ನೂ ಹೇಳಿಬಿಡಬೇಕು. ಫರ್ನಾಂಡ್ ಗೊಬೆ ಮತ್ತು ಗಿಲ್ಲೆರ್ಮೊ ಕಾಂಪಿಟೆಲ್ಲಿ ಅರ್ಜೆಂಟೀನಾದ ಆಟಗಾರರ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಸ್ಟರ್ ಮಟ್ಟ ಮುಟ್ಟಲು ಒಬ್ಬನಿಗೆ 3,016 ಗಂಟೆ ಸಾಕಾಗಿತ್ತು, ಇನ್ನೊಬ್ಬನಿಗೆ 23,608 ಗಂಟೆ ಬೇಕಾಗಿತ್ತು. ಸುಮಾರು ಎಂಟು ಪಟ್ಟು ವ್ಯತ್ಯಾಸ. ಪಕ್ಕದ ಮನೆಯ ಮಗು ಒಂದೇ ವರ್ಷದಲ್ಲಿ ಮೇಲೆ ಹೋಯಿತು, ನಮ್ಮದು ಹೋಗಲಿಲ್ಲ ಎಂದು ಕೊರಗುವ ಅಪ್ಪ ಅಮ್ಮಂದಿರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಮಗುವಿನ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಅಪ್ಪ ಅಮ್ಮನ ಮಾತು ಬಂತಲ್ಲ, ವಿಶ್ವನಾಥನ್ ಆನಂದ್ ಅವರ ಬಾಲ್ಯದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಅವರ ತಂದೆ ರೈಲ್ವೆಯಲ್ಲಿದ್ದವರು. ಕೆಲಸದ ಮೇಲೆ ಕುಟುಂಬ ಕೆಲಕಾಲ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿತ್ತು. ಅಲ್ಲಿಯ ಟಿ.ವಿ.ಯಲ್ಲಿ ಮಧ್ಯಾಹ್ನದ ಹೊತ್ತು ಚೆಸ್ ಕಾರ್ಯಕ್ರಮವೊಂದು ಬರುತ್ತಿತ್ತು, ಕೊನೆಗೆ ಒಂದು ಸಮಸ್ಯೆ ಕೊಡುತ್ತಿದ್ದರು. ಮಗ ಆ ಹೊತ್ತಿಗೆ ಶಾಲೆಯಲ್ಲಿ. ತಾಯಿ ಸುಶೀಲಾ ಅವರು ಆಟಗಳನ್ನೂ ಸಮಸ್ಯೆಯನ್ನೂ ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ಮಗ ಬಂದ ಮೇಲೆ ಇಬ್ಬರೂ ಕೂತು ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನದ ಪುಸ್ತಕಗಳನ್ನು ಈ ಹುಡುಗನೇ ಎಷ್ಟು ಸಲ ಗೆದ್ದನೆಂದರೆ, ಬೇಕಾದಷ್ಟು ಪುಸ್ತಕ ಒಟ್ಟಿಗೇ ತೆಗೆದುಕೊಂಡು ಹೋಗಿ, ಇನ್ನು ಉತ್ತರ ಕಳಿಸಬೇಡಿ ಎಂದು ಕಾರ್ಯಕ್ರಮದವರೇ ಹೇಳಿದರಂತೆ. 1988ರಲ್ಲಿ ಆ ಹುಡುಗ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ.

ಈ ಕಥೆಯಲ್ಲಿ ಎಲ್ಲರೂ ಮಗನನ್ನು ನೋಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮಧ್ಯಾಹ್ನ ಪೆನ್ಸಿಲ್ ಹಿಡಿದು ಕೂತ ತಾಯಿ. ನಾಳೆ ಸಂಜೆ ಏನು ಮಾಡಬೇಕು ಎಂಬುದು ಸಂಜೆಗೆ ಮೊದಲೇ ಸಿದ್ಧವಾಗಿರುತ್ತಿತ್ತು. ಅಭ್ಯಾಸ ತಪ್ಪಿಹೋಗುವುದು ಬಹುಪಾಲು ಇಲ್ಲೇ. ಕೂತ ಮೇಲೆ ‘ಇವತ್ತು ಏನು ಮಾಡಲಿ’ ಎಂದು ಹುಡುಕತೊಡಗಿದರೆ ಕೈ ತಾನಾಗಿ ಮೂರು ನಿಮಿಷದ ಆಟದ ಗುಂಡಿ ಒತ್ತುತ್ತದೆ. ನಾಳೆಯ ಪುಟಕ್ಕೆ ಗುರುತಿಟ್ಟು, ಬೋರ್ಡಿನ ಮೇಲೆ ನಾಳೆಯ ಸಮಸ್ಯೆಯನ್ನು ಜೋಡಿಸಿಟ್ಟು ಮಲಗುವವರ ಅಭ್ಯಾಸ ನಿಲ್ಲುವುದು ಕಡಿಮೆ.

ನಲವತ್ತು ನಿಮಿಷದಲ್ಲಿ ಮೊದಲ ಹದಿನೈದು ಸಮಸ್ಯೆ ಬಿಡಿಸುವುದಕ್ಕೆ. ಲಿಚೆಸ್ ಎಂಬ ತಾಣ 2010ರಿಂದ ಇದೆ. ಫ್ರಾನ್ಸಿನ ಥಿಬೊ ಡುಪ್ಲೆಸಿ ಕಟ್ಟಿದ್ದು. ಜಾಹೀರಾತು ಇಲ್ಲ, ದುಡ್ಡು ಕೇಳುವುದಿಲ್ಲ, ಬಿಡಿಸಿದಷ್ಟೂ ಪಜಲ್‌ಗಳಿವೆ. ಚೆನ್ನೈನ ಮಗುವಿಗೆ ಸಿಗುವ ಪಜಲ್ಲೇ ಅಜ್ಜಂಪುರದ ಮಗುವಿಗೂ ಸಿಗುತ್ತದೆ. ಇಂಥ ಸಮಾನತೆ ಆನಂದ್ ಅವರ ಕಾಲದಲ್ಲಿ ಇರಲಿಲ್ಲ. ಆದರೆ ಬಿಡಿಸುವ ರೀತಿಯಲ್ಲೇ ಎಡವಟ್ಟಾಗುವುದು. ಮೊದಲು ಕಂಡ ಚೆಕ್ ಕೊಟ್ಟು ನೋಡುವುದು, ಕೆಂಪು ಗುರುತು ಬಂದರೆ ಇನ್ನೊಂದು ಒತ್ತುವುದು. ಅದರಿಂದ ಬೆರಳಿಗೆ ಚುರುಕು ಬರುತ್ತದೆ, ಕಣ್ಣಿಗೆ ಬರುವುದಿಲ್ಲ.

ತರೀಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ಮಾತನ್ನು ನಮ್ಮಲ್ಲಿ ಹೇಳದ ಮಗುವಿಲ್ಲ. ಮೊದಲ ಸಲವೇ ಬಡಬಡನೆ ಹೇಳಲು ಹೋದ ಮಗು ಪ್ರತಿಸಲವೂ ಅದೇ ಜಾಗದಲ್ಲಿ ತೊದಲುತ್ತದೆ, ಆ ತೊದಲೇ ಬಾಯಿಪಾಠವಾಗಿಬಿಡುತ್ತದೆ. ಒಂದೊಂದೇ ಅಕ್ಷರ ಬಿಡಿಸಿ ನಿಧಾನವಾಗಿ ಹೇಳಿ ಕಲಿತ ಮಗುವಿಗೆ ವೇಗ ಆಮೇಲೆ ತಾನಾಗಿ ಬರುತ್ತದೆ. ಪಜಲ್ ಕೂಡ ಹಾಗೆಯೇ. ಕಾಯಿ ಮುಟ್ಟುವ ಮೊದಲು ಕೊಡಬಹುದಾದ ಎಲ್ಲ ಚೆಕ್‌ಗಳನ್ನು ನೋಡಿ, ಆಮೇಲೆ ಹೊಡೆಯಬಹುದಾದ ಎಲ್ಲ ಕಾಯಿಗಳನ್ನು ನೋಡಿ, ಎದುರಾಳಿಯ ಅತ್ಯಂತ ಗಟ್ಟಿ ಉತ್ತರ ಯಾವುದು ಎಂದು ಹುಡುಕಿ. ಪೂರ್ತಿ ಸಾಲನ್ನು ಒಂದು ಚೀಟಿಯಲ್ಲಿ ಬರೆದ ಮೇಲೆಯೇ ಮೊದಲ ನಡೆ ಇಡಿ. ಹದಿನೈದು ನಿಮಿಷಕ್ಕೆ ನಾಲ್ಕೇ ಆದರೂ ಸಾಕು.

ಬಿಡಿಸಿದ್ದನ್ನೇ ಮತ್ತೆ ಬಿಡಿಸಬೇಕು ಎಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಸ್ವೀಡನ್ನಿನ ಆಟಗಾರ ಹಾನ್ಸ್ ಟಿಕ್ಕನೆನ್ ಮಾಡಿದ್ದು ಅದನ್ನೇ. ಒಂದು ದೊಡ್ಡ ಕಟ್ಟು ಸಮಸ್ಯೆಗಳನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ, ಅದನ್ನೇ ಮತ್ತೆ ಕಡಿಮೆ ಸಮಯದಲ್ಲಿ, ಮತ್ತೂ ಕಡಿಮೆ ಸಮಯದಲ್ಲಿ ಬಿಡಿಸುತ್ತ ಹೋದ. 2010ರ ಬೇಸಿಗೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂರು ಗ್ರ್ಯಾಂಡ್‌ಮಾಸ್ಟರ್ ನಾರ್ಮ್, ಅಂದರೆ ಆ ಪದವಿಗೆ ಬೇಕಾದ ಟೂರ್ನಿ ಸಾಧನೆ, ಗಳಿಸಿದ. ಆಕ್ಸೆಲ್ ಸ್ಮಿತ್ ಜೊತೆ ಸೇರಿ 2018ರಲ್ಲಿ ಈ ವಿಧಾನದ ಪುಸ್ತಕವನ್ನೂ ತಂದ. ಮರಕುಟುಕ ಹಕ್ಕಿಯ ಹೆಸರು ಅದಕ್ಕೆ. ಇದು ಯಾಕೆ ಫಲ ಕೊಡುತ್ತದೆ ಎಂಬುದಕ್ಕೆ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಳಿವಿದೆ. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ಮಾಸ್ಟರ್ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲೇ ಇಡುತ್ತಾನೆ, ಹೊಸಬ ತಡವರಿಸುತ್ತಾನೆ. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಮಾಸ್ಟರನ ಆ ಮೇಲುಗೈ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಂದರೆ ಅವನ ನೆನಪಿನ ಶಕ್ತಿ ಹೆಚ್ಚಿನದೇನಲ್ಲ, ಕಂಡು ಪಳಗಿದ ವಿನ್ಯಾಸಗಳು ಹೆಚ್ಚಿವೆ. ವಿನ್ಯಾಸ ಪಳಗುವುದು ಮತ್ತೆ ಮತ್ತೆ ಕಂಡಾಗ.

ಇನ್ನುಳಿದ ಇಪ್ಪತ್ತೈದು ನಿಮಿಷದ ಮಾತು. ಈ ಇಡೀ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀವು ಆಡಿದ ನಿಧಾನದ ಆಟಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ನೀವೇ ಬಿಡಿಸಿ ನೋಡಿ.

ವಿಶ್ವ ಚಾಂಪಿಯನ್ ಆಗಿದ್ದ ಮಿಖಾಯಿಲ್ ಬೋತ್ವಿನ್ನಿಕ್ ವೃತ್ತಿಯಿಂದ ವಿದ್ಯುತ್ ಇಂಜಿನಿಯರ್. ಅವರು ಚೆಸ್ಸಿಗೇ ಪೂರ್ತಿ ಬದುಕನ್ನು ಕೊಟ್ಟವರಲ್ಲ. ಎರಡನ್ನೂ ತೂಗಿಸಿಕೊಂಡು ಹೋದರು. ತನ್ನ ಆಟವನ್ನು ತಾನೇ ಕರುಣೆಯಿಲ್ಲದೆ ವಿಶ್ಲೇಷಿಸಬೇಕು, ಆ ವಿಶ್ಲೇಷಣೆಯನ್ನು ಪ್ರಕಟಿಸಿ ಬೇರೆಯವರು ತಪ್ಪು ಹಿಡಿಯಲು ಬಿಡಬೇಕು ಎಂಬುದು ಅವರ ಪಾಠದ ತಿರುಳು. ನಮ್ಮ ಕಾಲದ ಉದಾಹರಣೆ ಬೇಕೆಂದರೆ ಡಿ. ಗುಕೇಶ್. 2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಈ ಹುಡುಗನಿಗೆ, ಗುರು ವಿಷ್ಣು ಪ್ರಸನ್ನ ಅವರು ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟುವವರೆಗೆ ಕಂಪ್ಯೂಟರ್ ಇಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. ಚೆಸ್ ಜಗತ್ತಿನಲ್ಲಿ ಎಲ್ಲರೂ ಅಚ್ಚರಿಯಿಂದ ಹೇಳುವ ಸಂಗತಿ ಇದು. ಇಂಜಿನ್ ಕೇಳದೆ ತಾನೇ ಯೋಚಿಸಿ ನಿರ್ಧರಿಸುವ ಸ್ನಾಯು ಬಲಿಯಲಿ ಎಂಬುದು ಅದರ ಉದ್ದೇಶ.

ಆಟ ಮುಗಿದ ತಕ್ಷಣ ಇಂಜಿನ್ ಹಚ್ಚಿದರೆ ಹದಿನೇಳನೇ ನಡೆಯಲ್ಲಿ ಕುದುರೆ ಬೇರೆಡೆ ಇಡಬೇಕಿತ್ತು ಎಂದು ಹೇಳುತ್ತದೆ. ನೀವು ‘ಓ ಹೌದಲ್ಲ’ ಎಂದುಕೊಂಡು ಮುಂದೆ ಹೋಗುತ್ತೀರಿ. ಆ ಕ್ಷಣ ನಿಮ್ಮ ತಲೆಯಲ್ಲಿ ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಎದುರಾಳಿಯ ಒಂಟೆ ಆ ಮೂಲೆಯಿಂದ ನೋಡುತ್ತಿದ್ದದ್ದು ಕಾಣಲಿಲ್ಲವೇ? ಕಂಡರೂ ‘ಅವನು ಹೊಡೆಯಲಿಕ್ಕಿಲ್ಲ’ ಎಂದುಕೊಂಡಿರೇ? ಗಡಿಯಾರ ನೋಡಿ ಗಾಬರಿಯಾಯಿತೇ? ಅಥವಾ ಗೆಲ್ಲುತ್ತಿದ್ದೇನೆ ಎಂಬ ಖುಷಿಯಲ್ಲಿ ಮೈಮರೆತಿರೇ? ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳು, ಔಷಧಿಯೂ ಬೇರೆ ಬೇರೆ. ಆದ್ದರಿಂದ ಆಟ ಆಡಿದ ದಿನವೇ, ನೆನಪು ಹಸಿಯಿರುವಾಗ, ನಡೆಗಳ ಪಕ್ಕದಲ್ಲಿ ನಿಮ್ಮ ಯೋಚನೆಯನ್ನು ಕನ್ನಡದಲ್ಲಿ ಬರೆದಿಡಿ. ‘ಇಲ್ಲಿ ಆನೆ ಬಿಡಿಸಿಕೊಳ್ಳಬೇಕು ಅಂತ ಅನ್ನಿಸಿತು, ಆದರೆ ಪ್ಯಾದೆ ಹೊಡೆಯುವ ಆಸೆ ತಡೆಯಲಾಗಲಿಲ್ಲ’ ಎಂಬಂಥ ಒಂದು ಸಾಲು ಸಾಕು. ಮಾರನೇ ದಿನ ಬೋರ್ಡಿನ ಮೇಲೆ ಕಾಯಿ ಜೋಡಿಸಿ ಆಟ ತಿರುಗಿದ ಜಾಗವನ್ನು ಹುಡುಕಿ. ಮೂರನೇ ದಿನ ಇಂಜಿನ್ ಜೊತೆ ತಾಳೆ ನೋಡಿ. ಒಂದು ಆಟಕ್ಕೆ ಮೂರು ದಿನ. ವಾರಕ್ಕೆ ಇಂಥದ್ದು ಒಂದೋ ಎರಡೋ ಆಟ ಸಾಕು, ಒಂದೊಂದು ಬದಿಗೆ ಕನಿಷ್ಠ ಅರ್ಧ ಗಂಟೆ ಸಮಯವಿಟ್ಟು ಆಡಿದ್ದು.

ನೋಟ್‌ಬುಕ್ಕು ಅರ್ಧ ತುಂಬುವ ಹೊತ್ತಿಗೆ ಒಂದು ವಿಚಿತ್ರ ಕಾಣುತ್ತದೆ. ಬೇರೆ ಬೇರೆ ಆಟ, ಬೇರೆ ಬೇರೆ ಎದುರಾಳಿ, ಸೋಲು ಮಾತ್ರ ಒಂದೆರಡು ಬಗೆಯದ್ದೇ. ಯಾವ ಕೋಚ್ ಬಂದರೂ ಮೊದಲು ಮಾಡುವ ಕೆಲಸ ಇದನ್ನು ಪತ್ತೆಹಚ್ಚುವುದೇ. ಆ ಕೆಲಸದ ಬಹುಪಾಲು ನಿಮ್ಮ ಕೈಬರಹದಲ್ಲೇ ಆಗಿರುತ್ತದೆ. ಆಮೇಲೆ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ತಿಳಿದವರೊಬ್ಬರು ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಸಿಕ್ಕರೂ ಆ ಒಂದು ಗಂಟೆ ಹತ್ತು ಗಂಟೆಯ ಬೆಲೆ ಬಾಳುತ್ತದೆ.

ಎಂಡ್‌ಗೇಮ್ ಎಂದರೆ ಮಕ್ಕಳಿಗೆ ಬೇಸರ, ಬೋರ್ಡಿನಲ್ಲಿ ಕಾಯಿಗಳೇ ಇರುವುದಿಲ್ಲ ಅಂತ. ಕಾಯಿ ಕಡಿಮೆ ಇರುವುದರಿಂದಲೇ ಅಲ್ಲಿ ಕಾರಣ ಸ್ಪಷ್ಟವಾಗಿ ಕಾಣುತ್ತದೆ. ಒಂದು ಬೋರ್ಡು ತೆಗೆದುಕೊಳ್ಳಿ. ಬಿಳಿಯ ರಾಜ ಇ4ರಲ್ಲಿ, ಬಿಳಿಯ ಪ್ಯಾದೆ ಅದರ ಬೆನ್ನಿಗೆ ಇ3ರಲ್ಲಿ, ಕಪ್ಪು ರಾಜ ಇ6ರಲ್ಲಿ. ನಡೆ ಬಿಳಿಯದಾದರೆ ಆಟ ಡ್ರಾ. ನಡೆ ಕಪ್ಪಿನದಾದರೆ ಬಿಳಿಗೆ ಗೆಲುವು. ರಾಜರಿಬ್ಬರೂ ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ ಮೊದಲು ಸರಿಯಬೇಕಾದವನೇ ದಾರಿ ಬಿಡಬೇಕು. ಈಗ ಪ್ಯಾದೆಯನ್ನು ಒಂದು ಮನೆ ಹಿಂದೆ, ಇ2ರಲ್ಲಿ ಇಡಿ. ನಡೆ ಬಿಳಿಯದೇ ಇರಲಿ. ಮೇಲ್ನೋಟಕ್ಕೆ ಪ್ಯಾದೆ ಹಿಂದೆ ಬಿದ್ದಿದೆ, ಸ್ಥಿತಿ ಕೆಟ್ಟಿರಬೇಕು. ಇಲ್ಲ, ಗೆಲುವು! ಪ್ಯಾದೆಯನ್ನು ಇ3ಕ್ಕೆ ಒಂದೇ ಮನೆ ನಡೆಸಿ ಸುಮ್ಮನೆ ಕೂತರೆ ಮೊದಲಿನ ಸ್ಥಿತಿಯೇ ಬಂತು, ಆದರೆ ಈಗ ಸರಿಯಬೇಕಾದವನು ಕಪ್ಪು ರಾಜ. ಎರಡು ಮನೆ ಹಾರಿಸುವ ಅವಕಾಶವನ್ನು ಕಾಪಾಡಿಕೊಂಡು ಬೇಕಾದ ಹೊತ್ತಿಗೆ ಒಂದೇ ಮನೆ ನಡೆಸುವ ಆ ತಾಳ್ಮೆಯನ್ನು ಒಮ್ಮೆ ಕಂಡ ಮಗು, ಪ್ಯಾದೆಗಳನ್ನು ಕಾರಣವಿಲ್ಲದೆ ಮುಂದೂಡುವುದನ್ನು ಬಿಡುತ್ತದೆ. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಚೆಸ್ಸನ್ನು ಕೊನೆಯಿಂದ ಕಲಿಯಬೇಕು ಎಂದದ್ದು ಇದಕ್ಕೇ. ವಾರಕ್ಕೆ ಎರಡು ದಿನ ಈ ಥರದ ಒಂದೊಂದು ಸ್ಥಿತಿ, ಎರಡೂ ಕಡೆಯಿಂದ ಆಡಿ ನೋಡುವುದು. ಒಂದು ವರ್ಷ ಹೀಗೆ ನಡೆದರೆ ರಾಜ, ಪ್ಯಾದೆ, ಆನೆಗಳ ಮೂಲಪಾಠಗಳೆಲ್ಲ ಕೈವಶವಾಗುತ್ತವೆ.

ಓಪನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿಗೆ ಒಂದು, ಕಪ್ಪಿಗೆ ಎರಡು ಆರಂಭಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ಅವನ್ನೇ ಆಡಿ. ಯೂಟ್ಯೂಬಿನ ‘ಎಂಟೇ ನಡೆಯಲ್ಲಿ ಗೆಲ್ಲಿ’ ಬಗೆಯ ಬಲೆಗಳು ಬಲೆ ಗೊತ್ತಿಲ್ಲದವರ ಮೇಲೆ ಮಾತ್ರ ನಡೆಯುತ್ತವೆ.

ಬೋರ್ಡಿಲ್ಲದೆ, ಮೊಬೈಲಿಲ್ಲದೆ ಮಾಡಬಹುದಾದ ಅಭ್ಯಾಸವೂ ಒಂದಿದೆ. ಅದರ ಬಗ್ಗೆ ಹೇಳಲು ಪಕ್ಕದ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. ದೃಷ್ಟಿದೋಷವುಳ್ಳ ಕಿಶನ್ ಆ ವಿಭಾಗದಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. 2023ರ ಅಕ್ಟೋಬರಿನಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ದೃಷ್ಟಿಯಿಲ್ಲದವರ ಬೋರ್ಡಿನಲ್ಲಿ ಕಪ್ಪು ಮನೆಗಳು ಕೊಂಚ ಎತ್ತರಕ್ಕಿರುತ್ತವೆ. ಪ್ರತಿ ಮನೆಗೂ ತೂತು, ಪ್ರತಿ ಕಾಯಿಗೂ ಬುಡದಲ್ಲಿ ಕಡ್ಡಿ, ಬಣ್ಣ ತಿಳಿಯಲು ಒಂದು ಪಕ್ಷದ ಕಾಯಿಗಳ ತಲೆಯ ಮೇಲೆ ಗುರುತು. ಆಟಗಾರ ಬೆರಳಿನಿಂದ ಬೋರ್ಡನ್ನು ಓದುತ್ತಾನೆ. ಕಾಯಿಯನ್ನು ತೂತಿನಿಂದ ಎತ್ತಿದಾಗ ಮಾತ್ರ ಅದನ್ನು ಮುಟ್ಟಿದ ಲೆಕ್ಕ. ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಅಕ್ಷರಗಳು ಒಂದಕ್ಕೊಂದು ಗಲಿಬಿಲಿಯಾಗದಂತೆ ಎಂಟು ಸಾಲುಗಳಿಗೆ ಆನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೀಲಿಕ್ಸ್, ಗುಸ್ತಾವ್, ಹೆಕ್ಟರ್ ಎಂದು ಹೆಸರು. ಇಡೀ ಯುದ್ಧ ನಡೆಯುವುದು ತಲೆಯೊಳಗೆ. ಕಣ್ಣಿರುವ ನಾವು ಆ ಶಕ್ತಿಯನ್ನು ಬೆಳೆಸಿಕೊಳ್ಳದೆ ಬಿಟ್ಟಿರುವುದರಿಂದಲೇ ಮೂರು ನಡೆ ಮುಂದೆ ನೋಡುವಾಗ ಚಿತ್ರ ಮಸುಕಾಗುತ್ತದೆ.

ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಆಟವಿದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗದ ಜೊತೆಗೆ ಕುದುರೆಯನ್ನು ಮನೆಯಿಂದ ಮನೆಗೆ ಓಡಿಸುವ ತುರಗಗತಿಯ ಪ್ರಸ್ತಾಪ ಬರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಇದು ಪ್ರಿಯವಾದ ವಿಷಯ. ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ಕುದುರೆಯ ಓಟಗಳನ್ನು ಅವರು ತಾವೇ ರಚಿಸಿದರು. ಅಷ್ಟು ದೂರ ಹೋಗುವುದು ಬೇಡ. ತೋಟಕ್ಕೆ ನಡೆದುಹೋಗುವಾಗಲೋ ಬಸ್ಸಿಗೆ ಕಾಯುವಾಗಲೋ ಕಣ್ಣು ಮುಚ್ಚಿ ಕೇಳಿಕೊಳ್ಳಿ: ಎ1ರಲ್ಲಿರುವ ಕುದುರೆ ಬಿ2ಕ್ಕೆ ಹೋಗಲು ಎಷ್ಟು ನಡೆ ಬೇಕು? ಮೂಲೆಗೆ ತಾಗಿದ ಪಕ್ಕದ ಮನೆ, ಆದರೂ ನಾಲ್ಕು ನಡೆ. ಇನ್ನೊಂದು ತುದಿಯ ಎಚ್8ಕ್ಕೆ? ಆರೇ. ದಾರಿಯನ್ನು ನೀವೇ ಹುಡುಕಿ. ಇದನ್ನು ನಲವತ್ತು ನಿಮಿಷದ ಲೆಕ್ಕಕ್ಕೆ ಸೇರಿಸಬೇಡಿ, ದಾರಿಯ ಹೊತ್ತಿಗೆ ಇರಲಿ.

ಅಭ್ಯಾಸ ಕಟ್ಟುವವರು ಮರೆಯುವುದು ಊರಿನ ಪಂಚಾಂಗವನ್ನು. ತರೀಕೆರೆ ಕಡೆ ಅಡಿಕೆ ಕೊಯ್ಲು ಶುರುವಾದರೆ ಮನೆಯಲ್ಲಿ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸಕ್ಕೆ ಮಕ್ಕಳ ಕೈಯೂ ಬೇಕು. ಕಡೂರಿನ ತೆಂಗಿನ ತೋಟದವರಿಗೆ ಅವರದ್ದೇ ಕೆಲಸದ ದಿನಗಳು, ಅಜ್ಜಂಪುರದ ಈರುಳ್ಳಿ ಬೆಳೆಯುವವರಿಗೆ ಅವರದ್ದೇ ಆತಂಕದ ವಾರಗಳು. ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ. ಊರಹಬ್ಬದ ವಾರ ಬೋರ್ಡು ಹೊರಗೇ ಬರುವುದಿಲ್ಲ. ಇವನ್ನೆಲ್ಲ ಅಡ್ಡಿ ಎಂದು ಬಗೆದು ದಿನಕ್ಕೆ ಎರಡು ಗಂಟೆಯ ವೇಳಾಪಟ್ಟಿ ಗೋಡೆಗೆ ಅಂಟಿಸಿದರೆ ಅದು ಮೊದಲ ಕೊಯ್ಲಿಗೇ ಹರಿದುಬೀಳುತ್ತದೆ. ಬಿಡುವಿಲ್ಲದ ದಿನಕ್ಕೆಂದೇ ಒಂದು ಕನಿಷ್ಠ ಅಳತೆ ಮೊದಲೇ ಗೊತ್ತಿರಲಿ: ಒಂದು ಪಜಲ್, ಬರೆದು ಬಿಡಿಸಿದ್ದು. ಐದು ನಿಮಿಷ. ಅಷ್ಟೂ ಆಗದ ದಿನ ಬಿಟ್ಟುಬಿಡಿ, ಮರುದಿನ ಎರಡರಷ್ಟು ಮಾಡಿ ಸಾಲ ತೀರಿಸಲು ಹೋಗಬೇಡಿ. ಸಾಲದ ಲೆಕ್ಕ ಶುರುವಾದರೆ ಬೋರ್ಡನ್ನು ಕಂಡರೇ ಅಳುಕು ಹುಟ್ಟುತ್ತದೆ. ನಿದ್ದೆಗೆಟ್ಟು ಆಡುವುದಂತೂ ಬೇಡವೇ ಬೇಡ. ರಾತ್ರಿ ಹನ್ನೊಂದರ ಮೂರು ನಿಮಿಷದ ಆಟ ಮರುದಿನದ ಗಣಿತವನ್ನೂ ಕೆಡಿಸುತ್ತದೆ, ಚೆಸ್ಸನ್ನೂ ಕೆಡಿಸುತ್ತದೆ.

ಮೂರು ನಿಮಿಷದ ಆಟವನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ. ಭಾನುವಾರ ಗೆಳೆಯರು ಕೂತಾಗ ಆಡಿ, ಕೂಗಾಡಿ, ಖುಷಿಪಡಿ. ಅದನ್ನು ಅಭ್ಯಾಸದ ಪುಟದಲ್ಲಿ ಬರೆಯಬೇಡಿ, ಅಷ್ಟೇ.

ರೇಟಿಂಗ್ ಎಂಬ ಅಂಕಿ ಸಣ್ಣ ಊರಿನ ಮಕ್ಕಳನ್ನು ಬೇಗ ಹೆದರಿಸುತ್ತದೆ. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್ಪಾಡ್ ಎಲೋ ರೂಪಿಸಿದ ಈ ಲೆಕ್ಕವನ್ನು ಅಂತಾರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ನಿಮಗಿಂತ 200 ಅಂಕ ಕೆಳಗಿರುವವರ ಮೇಲೆ ನಾಲ್ಕು ಆಟ ಆಡಿದರೂ ಮೂರು ಪಾಯಿಂಟು ಬರುವುದೇ ಸಹಜ. ಒಂದು ಪಾಯಿಂಟು ಹೋಗುವುದು ಲೆಕ್ಕದೊಳಗೇ ಇದೆ. ಹದಿನೆಂಟರ ಒಳಗಿನ ಮಕ್ಕಳಿಗೆ ಅಂಕ ಏರಿಳಿಯುವ ಗುಣಾಂಕ 40, ಅಂದರೆ ಸಮಬಲದವರ ಎದುರು ಒಂದೇ ಸೋಲಿಗೆ 20 ಅಂಕ ಇಳಿಯುತ್ತದೆ. ಒಂದು ಟೂರ್ನಿಯಲ್ಲಿ ಎಂಬತ್ತು ಅಂಕ ಕಳೆದುಕೊಂಡು ಬಂದ ಮಗುವಿನ ಆಟ ಕೆಟ್ಟಿತು ಎಂದು ತೀರ್ಮಾನಿಸುವುದು ಒಂದು ತಿಂಗಳ ಮಳೆ ನೋಡಿ ವರ್ಷದ ಬೆಳೆ ಹೇಳಿದಂತೆ. ಹೋಗಲಿ, 2024ರ ಮಾರ್ಚ್‌ನಲ್ಲಿ ಫಿಡೆ ರೇಟಿಂಗಿನ ಕನಿಷ್ಠ ಮಿತಿಯನ್ನೇ 1000ದಿಂದ 1400ಕ್ಕೆ ಏರಿಸಿದೆ. ಹಳೆಯ ಅಂಕಿಗಳ ಜೊತೆ ಹೋಲಿಸಿ ನೋಡುವುದಕ್ಕೂ ಅರ್ಥವಿಲ್ಲ. ನೋಟ್‌ಬುಕ್ಕಿನಲ್ಲಿ ಈ ವರ್ಷದ ತಪ್ಪುಗಳು ಹೋದ ವರ್ಷದ ತಪ್ಪುಗಳೇ ಆಗಿವೆಯೋ ಹೊಸವೋ ನೋಡಿ. ತಪ್ಪು ಹೊಸದಾಗಿದ್ದರೆ ಆಟ ಮುಂದೆ ಹೋಗಿದೆ.

ವಯಸ್ಸಾಯಿತು ಎನ್ನುವವರಿಗೂ ಒಂದು ಮಾತು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಆ ಪದವಿ ಅವರಿಗೆ ಸಿಕ್ಕಿದ್ದು 2017ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ. ಅವರು ದೇಶದ 50ನೇ ಗ್ರ್ಯಾಂಡ್‌ಮಾಸ್ಟರ್. ಹನ್ನೆರಡು ಹದಿಮೂರು ವಯಸ್ಸಿಗೇ ಮಕ್ಕಳು ಆ ಪದವಿ ಮುಟ್ಟುತ್ತಿದ್ದ ಕಾಲದಲ್ಲಿ, ರೈಲ್ವೆ ನೌಕರಿಯ ಜೊತೆಗೇ ಆಡುತ್ತ ಬಂದು ಗಳಿಸಿದ್ದು ಅದು. ತಮಿಳುನಾಡಿನ ಶ್ಯಾಮ್ ನಿಖಿಲ್ 2012ರ ಹೊತ್ತಿಗೇ 2500 ರೇಟಿಂಗನ್ನೂ ಎರಡು ನಾರ್ಮ್‌ಗಳನ್ನೂ ಗಳಿಸಿದ್ದರು. ಮೂರನೇ ನಾರ್ಮ್ ಸಿಕ್ಕಿದ್ದು 2024ರ ಮೇ ತಿಂಗಳಲ್ಲಿ, ದುಬೈಯಲ್ಲಿ. ಹನ್ನೆರಡು ವರ್ಷ ಒಂದೇ ಒಂದು ನಾರ್ಮ್‌ಗಾಗಿ ಕಾದು, ಆಡುವುದನ್ನು ಮಾತ್ರ ಬಿಡದೆ, ಅವರು ದೇಶದ 85ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಇಂಥವರ ದಿನಚರಿಯಲ್ಲಿ ಮಿಂಚು ಹುಡುಕಬೇಡಿ. ಕೆಲಸ, ಪ್ರಯಾಣ, ಸಂಜೆಯ ಬೋರ್ಡು, ಮತ್ತೆ ಕೆಲಸ. ನನಗೆ ಹದಿಮೂರರ ಪ್ರತಿಭೆಗಳಿಗಿಂತ ಇವರ ಮೇಲೆ ಗೌರವ ಹೆಚ್ಚು, ಏಕೆಂದರೆ ಇವರ ದಾರಿ ನಮ್ಮ ಊರುಗಳ ಮೂಲಕ ಹಾದುಹೋಗಬಲ್ಲ ದಾರಿ.

ಒಬ್ಬರೇ ಕೂತು ಮಾಡುವ ಅಭ್ಯಾಸಕ್ಕೆ ಒಂದು ಕೊರತೆ ಉಂಟು. ವಾರಕ್ಕೊಂದು ನಿಧಾನದ ಆಟ ಬೇಕು ಎಂದೆ, ಅದಕ್ಕೆ ಎದುರಿಗೆ ಕೂರುವವರು ಬೇಕು. ಆನ್‌ಲೈನಿನಲ್ಲಿ ಸಿಗುತ್ತಾರೆ, ನಿಜ. ಆದರೆ ಎದುರಿಗೆ ಉಸಿರಾಡುವ ಮನುಷ್ಯ ಕೂತಾಗ ಕೈ ನಡುಗುವುದೇ ಬೇರೆ, ಟೂರ್ನಿಗೆ ಹೋದಾಗ ಬೇಕಾಗುವುದು ಆ ಅಭ್ಯಾಸ. ಒಂದೊಂದು ಊರಿನಲ್ಲಿ ಸಮಬಲದವರು ಒಬ್ಬಿಬ್ಬರೇ ಇರಬಹುದು. ಮೂರು ಊರು ಸೇರಿದರೆ ಹತ್ತಾರು ಜನ ಸಿಗುತ್ತಾರೆ. ಬೆಂಗಳೂರು ಕಡೆಯಿಂದ ಬರುವ ರೈಲು ಮಾರ್ಗ ಕಡೂರು ದಾಟಿ ಬೀರೂರಿನಲ್ಲಿ ಕವಲಾಗುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ. ಮೂರೂ ಊರಿನವರಿಗೆ ಬೀರೂರು ನಡುವಿನ ಜಾಗ. ತಿಂಗಳಿಗೆ ಎರಡು ಭಾನುವಾರ ಬೀರೂರಿನ ಒಂದು ಶಾಲಾ ಕೊಠಡಿ ಸಿಕ್ಕರೆ ಸಾಕು. ಆರು ಬೋರ್ಡು, ಮೊಬೈಲಿನಲ್ಲೇ ಉಚಿತವಾಗಿ ಸಿಗುವ ಚೆಸ್ ಗಡಿಯಾರ, ನಡೆ ಬರೆಯಲು ಹಾಳೆ, ಒಂದೊಂದು ಬದಿಗೆ ಒಂದು ಗಂಟೆ. ಬೆಳಿಗ್ಗೆ ಒಂದು ಆಟ. ಊಟದ ಬುತ್ತಿ ಬಿಚ್ಚಿದ ಮೇಲೆ ಸೋತವರೂ ಗೆದ್ದವರೂ ಒಂದೇ ಬೋರ್ಡಿನ ಸುತ್ತ ಕೂತು ‘ಇಲ್ಲಿ ಏನು ಯೋಚನೆ ಮಾಡಿದೆ?’ ಎಂದು ಒಬ್ಬರನ್ನೊಬ್ಬರು ಕೇಳಬೇಕು. ಬೋತ್ವಿನ್ನಿಕ್ ತಮ್ಮ ವಿಶ್ಲೇಷಣೆಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿ ಜಗತ್ತಿನ ಮುಂದಿಟ್ಟರು. ನಮ್ಮ ಮಕ್ಕಳು ಅದನ್ನು ತರೀಕೆರೆಯ ಎದುರಾಳಿಯ ಮುಂದೆ ಇಟ್ಟರೆ ಸಾಕು. ಯಾರಾದರೂ ಒಬ್ಬ ಮೇಷ್ಟ್ರು, ಒಬ್ಬ ನಿವೃತ್ತ ನೌಕರರು ಕೊಠಡಿಯ ಬೀಗದ ಕೈ ತಮ್ಮ ಹತ್ತಿರ ಇಟ್ಟುಕೊಳ್ಳಲು ಒಪ್ಪಿದರೆ ಮುಂದಿನ ತಿಂಗಳೇ ಶುರುಮಾಡಬಹುದು.